ಅರಮನೆಯ ಗತ್ತಿನ ಪೌಡರ್ ಸೆಂಟುಗಳು: ಯಾವುದು ನಿಮಗೆ ಒಗ್ಗುತ್ತದೆ?

"ಪೌಡರ್ ಹಚ್ಚಿಕೊಂಡ ಹಾಗೆ ಮೆತ್ತಗೆ ಘಮಿಸುವ ಹೂವಿನ ಸೆಂಟು ಬೇಕು. ಹಳೆಯ ರಾಜಮನೆತನದ ಗತ್ತು ಇರಬೇಕು. ಆದರೆ ಹಾಕಿಕೊಂಡವರಿಗೆ ವಯಸ್ಸಾದ ಹಾಗೆ ಕಾಣಬಾರದು." ಸೆಂಟಿನ ಮಾತು ಬಂದಾಗ ನನ್ನನ್ನು ಹೆಚ್ಚು ಜನ ಕೇಳುವುದು ಇದನ್ನೇ. ಕೇಳುವವರ ಹತ್ತಿರ ಆಗಲೇ ನಾಲ್ಕೈದು ಹೆಸರು ಇರುತ್ತವೆ. ಎಲ್ಲ ಡಬ್ಬಿಯ ಮೇಲೂ ಲಾಂಛನ, ಎಲ್ಲದರ ಹಿಂದೆಯೂ ಒಬ್ಬ ರಾಣಿಯೋ ಡಚೆಸ್ಸೋ. ಒಳಗಿರುವ ಪರಿಮಳದ ವಿವರಣೆಯೂ ಹೆಚ್ಚುಕಡಿಮೆ ಒಂದೇ: ಐರಿಸ್, ವಯಲೆಟ್, ಗುಲಾಬಿ ಹೂಗಳು, ಕಸ್ತೂರಿಯಂಥ ಮಸ್ಕ್. ಓದಿ ಓದಿ ತಲೆ ಕೆಡುತ್ತದೆ, ಅಲ್ವಾ?

ನನ್ನ ಅನುಭವದಲ್ಲಿ ಗೊಂದಲ ಶುರುವಾಗುವುದು 'ಪೌಡರ್ ಘಮ' ಅನ್ನುವ ಮಾತಿನಿಂದಲೇ. ನಾಲ್ಕು ಬೇರೆ ಬೇರೆ ವಾಸನೆಗಳಿಗೆ ನಾವು ಈ ಒಂದೇ ಹೆಸರು ಇಟ್ಟಿದ್ದೇವೆ. ಅವುಗಳಲ್ಲಿ ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಬಾಟಲಿಗಳನ್ನು ತೂಗಿ ನೋಡುವುದು ಸುಲಭ.

ಅರಮನೆಗೂ ಪೌಡರಿಗೂ ಇರುವ ನಂಟು

ಈ ನಂಟು ಕಂಪನಿಗಳು ಸುಮ್ನೆ ಹುಟ್ಟಿಸಿದ್ದಲ್ಲ. 18ನೇ ಶತಮಾನದ ಫ್ರಾನ್ಸ್ ಮತ್ತು ಇಂಗ್ಲೆಂಡಿನಲ್ಲಿ ದೊಡ್ಡ ಮನೆತನದವರು ವಿಗ್ಗಿಗೂ ಕೂದಲಿಗೂ ಬಿಳಿ ಪುಡಿ ಉದುರಿಸಿಕೊಳ್ಳುತ್ತಿದ್ದರು. ಅದು ಹೆಚ್ಚಾಗಿ ಹಿಟ್ಟು, ಗಂಜಿಯ ಪುಡಿ. ಒಣಗಿಸಿ ಅರೆದ ಐರಿಸ್ ಗೆಡ್ಡೆಯನ್ನು ಅದಕ್ಕೆ ಬೆರೆಸಿದರೆ ವಯಲೆಟ್ ಹೂವಿನ ಕಂಪು ಬರುತ್ತಿತ್ತು. 1795ರಲ್ಲಿ ಬ್ರಿಟನ್ ಸರ್ಕಾರ ಕೂದಲಿನ ಪುಡಿ ಬಳಸುವವರ ಮೇಲೆ ವರ್ಷಕ್ಕೆ ಒಂದು ಗಿನಿ (ಆಗಿನ ಬ್ರಿಟನ್ನಿನ ಚಿನ್ನದ ನಾಣ್ಯ) ತೆರಿಗೆ ಹಾಕಿತು. ಆ ಶೋಕಿ ಬೇಗ ಇಳಿಯಿತು. ಘಮ ಮಾತ್ರ ಮುಖದ ಪೌಡರಿಗೆ, ಆಮೇಲೆ ಲಿಪ್‌ಸ್ಟಿಕ್ಕಿಗೆ ದಾಟಿಕೊಂಡು ಉಳಿಯಿತು. ಹಾಗಾಗಿಯೇ ಇವತ್ತೂ ಐರಿಸ್ ಮೂಸಿದ ಕೂಡಲೇ ಮೂಗಿಗೆ ಸಿಂಗಾರದ ಮೇಜು ನೆನಪಾಗುತ್ತದೆ.

ವಯಲೆಟ್ಟಿಗೂ ಇಂಥದೇ ಕಥೆ ಇದೆ. ನೆಪೋಲಿಯನ್ನನ ಎರಡನೇ ಹೆಂಡತಿ ಮರೀ ಲೂಯಿಸ್ ಮುಂದೆ ಇಟಲಿಯ ಪಾರ್ಮಾದ ಡಚೆಸ್ ಆದಳು. ಅವಳಿಗೆ ಈ ಹೂವಿನ ಮೇಲೆ ವಿಪರೀತ ಪ್ರೀತಿ. 'ಪಾರ್ಮಾ ವಯಲೆಟ್' ಅನ್ನುವ ಹೆಸರು ಸೆಂಟಿನ ಲೋಕದಲ್ಲಿ ಇನ್ನೂ ಅವಳನ್ನು ನೆನಪಿಸುತ್ತದೆ.

ಆರಿಸುವ ಮೊದಲು ನೋಡಬೇಕಾದದ್ದು

ಮೊದಲನೆಯದು, ಯಾವ ಪೌಡರ್? ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಐರಿಸ್ ಪೌಡರ್ ತಣ್ಣಗಿರುತ್ತದೆ. ಒಣ ಮಣ್ಣು, ಹಸಿ ಗಜ್ಜರಿ, ಹೊಸ ಕಾಗದ, ದುಬಾರಿ ಲಿಪ್‌ಸ್ಟಿಕ್ಕು, ಇವೆಲ್ಲ ಅದರಲ್ಲಿ ಸಿಗುತ್ತವೆ. ಸಿಹಿ ಕಡಿಮೆ. ಈ ಘಮ ಹೂವಿನಿಂದ ಬರುವುದಿಲ್ಲ, ಮಣ್ಣೊಳಗಿನ ಗೆಡ್ಡೆಯಿಂದ ಬರುತ್ತದೆ. ಕಿತ್ತ ತಕ್ಷಣ ಗೆಡ್ಡೆಗೆ ಹೇಳಿಕೊಳ್ಳುವಂಥ ಪರಿಮಳ ಇರುವುದಿಲ್ಲ. ಗಿಡವನ್ನು ಎರಡು ಮೂರು ವರ್ಷ ಬೆಳೆಸಬೇಕು. ಗೆಡ್ಡೆ ಕಿತ್ತು, ಸಿಪ್ಪೆ ತೆಗೆದು, ಒಣಗಿಸಿ, ಮತ್ತೆ ವರ್ಷಗಟ್ಟಲೆ ಕಾಯಬೇಕು. ಆ ಕಾಯುವಿಕೆಯಲ್ಲೇ 'ಐರೋನ್' ಅನ್ನುವ ಪರಿಮಳದ ಅಂಶ ನಿಧಾನವಾಗಿ ಹುಟ್ಟುತ್ತದೆ. ಅದನ್ನು ಬಟ್ಟಿ ಇಳಿಸಿದಾಗ ಬೆಣ್ಣೆಯಂತೆ ಗಟ್ಟಿಯಾದ ವಸ್ತು ಸಿಗುತ್ತದೆ, ಅದೂ ತೀರಾ ಸ್ವಲ್ಪ. ಸೆಂಟು ತಯಾರಿಸುವವರು ಕೊಳ್ಳುವ ಅತಿ ದುಬಾರಿ ಸಾಮಗ್ರಿಗಳಲ್ಲಿ ಇದೂ ಒಂದು. ಒಳ್ಳೆಯ ಐರಿಸ್ ಸೆಂಟಿಗೆ ಯಾಕಷ್ಟು ಬೆಲೆ ಅಂತ ಕೇಳಿದರೆ ಉತ್ತರದ ಒಂದು ಭಾಗ ಇಲ್ಲಿದೆ. ಇನ್ನೊಂದು ಭಾಗ ಬಾಟಲಿ ಮತ್ತು ಹೆಸರು, ಅದನ್ನೂ ಮರೆಯಬಾರದು.

ವಯಲೆಟ್ ಪೌಡರ್ ಸಿಹಿ, ನವುರು. ಹೂವಿನಿಂದ ಎಣ್ಣೆ ತೆಗೆಯುವುದು ಯಾರಿಗೂ ಗಿಟ್ಟುವುದಿಲ್ಲ. 1893ರಲ್ಲಿ ಟೀಮಾನ್ ಮತ್ತು ಕ್ರೂಗರ್ ಎಂಬ ಇಬ್ಬರು ಜರ್ಮನ್ ರಸಾಯನ ವಿಜ್ಞಾನಿಗಳು 'ಅಯೋನೋನ್' ತಯಾರಿಸಿದ ಮೇಲೆ ವಯಲೆಟ್ ಕಂಪು ಎಲ್ಲರ ಕೈಗೆ ಎಟುಕಿತು. ಆದರೆ ಅಯೋನೋನಿಗೆ ಒಂದು ವಿಚಿತ್ರ ಗುಣವಿದೆ. ಅದು ಮೂಗಿಗೆ ಬಂದು ಹೋಗಿ ಮಾಡುತ್ತದೆ. ಒಂದು ಕ್ಷಣ ಘಮ್ ಅನ್ನುತ್ತದೆ, ಮರುಕ್ಷಣ ಮಾಯ. ಕೆಲವರಿಗಂತೂ ಒಂದು ಜೀನಿನ ವ್ಯತ್ಯಾಸದಿಂದಾಗಿ ಇದರ ಹೂವಿನ ಕಂಪು ಸರಿಯಾಗಿ ಹತ್ತುವುದೇ ಇಲ್ಲ, ಹುಳಿ ಹುಳಿಯಾಗಿ ಕಾಣುತ್ತದೆ. ಗೆಳತಿ ಹೊಗಳಿದ ವಯಲೆಟ್ ಸೆಂಟು ನಿಮಗೆ ಚೂರೂ ಹಿಡಿಸದಿದ್ದರೆ ಇಬ್ಬರ ಮಾತೂ ನಿಜವೇ.

ಮೂರನೆಯ ಬಗೆಯ ಪೌಡರ್ ಹೆಲಿಯೋಟ್ರೋಪ್ ಹೂವಿನದು. ಬಾದಾಮಿ, ವೆನಿಲಾ ಬೆರೆತ ಬೆಚ್ಚನೆಯ ಪೌಡರ್. ತಿನ್ನಬೇಕು ಅನ್ನಿಸುವಷ್ಟು ಸಿಹಿ. ನಾಲ್ಕನೆಯದು ಬಿಳಿ ಮಸ್ಕ್. ಒಗೆದು ಒಣಗಿಸಿದ ಹತ್ತಿ ಬಟ್ಟೆ, ಸ್ನಾನವಾದ ಮಗುವಿನ ಮೈ. ಇದು ಅಗ್ಗ, ಬಾಳಿಕೆ ಜಾಸ್ತಿ, ಯಾರಿಗೂ ತೊಂದರೆ ಕೊಡದು. ಇವತ್ತಿನ ಪೌಡರ್ ಸೆಂಟುಗಳಲ್ಲಿ ಬಹಳಷ್ಟು ಇದೇ ಅಡಿಪಾಯದ ಮೇಲೆ ನಿಂತಿವೆ.

ಆರಿಸುವ ಮೊದಲು ನೋಡಬೇಕಾದ ಎರಡನೆಯ ಸಂಗತಿ: ಎಷ್ಟು ದೂರಕ್ಕೆ ಹರಡಬೇಕು, ಎಷ್ಟು ಹೊತ್ತು ಇರಬೇಕು ಅಂತ ಯೋಚಿಸಿ. ಇವೆರಡೂ ಒಂದೇ ಅಲ್ಲ. ಇಡೀ ದಿನ ಮೈಗಂಟಿಕೊಂಡೇ ಇದ್ದು ಪಕ್ಕದವರಿಗೂ ಗೊತ್ತಾಗದ ಸೆಂಟುಗಳಿವೆ. ಕೋಣೆ ತುಂಬಿ ಎರಡೇ ಗಂಟೆಯಲ್ಲಿ ಖಾಲಿಯಾಗುವಂಥವೂ ಇವೆ. ಮೂರನೆಯದು ಹವೆ. ಸೆಕೆಯಲ್ಲಿ ಹೆಲಿಯೋಟ್ರೋಪ್, ವೆನಿಲಾ ಉಬ್ಬಿ ಉಸಿರುಗಟ್ಟಿಸುತ್ತವೆ. ಐರಿಸ್ ಮತ್ತು ಮಸ್ಕ್ ಆಗಲೂ ಅಳತೆ ಮೀರುವುದಿಲ್ಲ. ನಾಲ್ಕನೆಯದು ದುಡ್ಡು. ಅದರ ಜೊತೆಗೇ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ: ಡಬ್ಬಿಯ ಮೇಲಿನ ರಾಜಮನೆತನ ನಿಜವಾದದ್ದೋ, ಹೊಸದಾಗಿ ಹೆಣೆದದ್ದೋ? ಹೆಣೆದದ್ದಾದರೆ ತಪ್ಪೇನಿಲ್ಲ. ಆದರೆ ಕಥೆಗೆ ಎಷ್ಟು, ಪರಿಮಳಕ್ಕೆ ಎಷ್ಟು ಕೊಡುತ್ತಿದ್ದೇವೆ ಅಂತ ಗೊತ್ತಿರಬೇಕು.

ನಿಜವಾದ ಹಳೆಯ ಮನೆಗಳು

ಸೆಂಟಿನ ಲೋಕದಲ್ಲಿ 'ಮನೆ' ಅಂದರೆ ಸೆಂಟು ತಯಾರಿಸುವ ಕಂಪನಿ. ಗೆರ್ಲಾನ್ ಮನೆ ಶುರುವಾದದ್ದು 1828ರಲ್ಲಿ, ಪ್ಯಾರಿಸ್ಸಿನಲ್ಲಿ. 1853ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಪತ್ನಿ ಯೂಜೆನಿಗಾಗಿ ಈ ಮನೆಯವರು ಒಂದು ಕೊಲೋನ್ (ತೆಳುವಾದ ಸೆಂಟು) ಮಾಡಿಕೊಟ್ಟರು. ಅದರ ಬಾಟಲಿಯ ಮೇಲೆ ಮೂಡಿಸಿದ ಜೇನುನೊಣ ಆ ಸಾಮ್ರಾಜ್ಯದ ಗುರುತು, ಅದು ಇವತ್ತಿಗೂ ಹಾಗೇ ಇದೆ. ಅಂದರೆ ಇಲ್ಲಿ ಅರಮನೆಯ ನಂಟು ಅಸಲಿ. ಪೌಡರ್ ಹುಡುಕುವವರಿಗೆ ಈ ಮನೆಯಲ್ಲಿ ಎರಡು ಆಯ್ಕೆ, ಎರಡನ್ನೂ ಮಾಡಿದ್ದು ಜಾಕ್ ಗೆರ್ಲಾನ್.

1906ರ 'ಆಪ್ರೆ ಲೊಂಡೇ' ಅಂದರೆ ಮಳೆ ಸುರಿದು ನಿಂತ ಮೇಲೆ. ವಯಲೆಟ್, ಐರಿಸ್, ಹೆಲಿಯೋಟ್ರೋಪ್, ಜೊತೆಗೆ ಸೋಂಪಿನ ಒಂದು ಎಳೆ. ಇಷ್ಟು ನವುರಾದ ಸೆಂಟು ನಾನು ಬೇರೆ ಮೂಸಿಲ್ಲ. ಒದ್ದೆಯಾದ ಎಸಳನ್ನು ಕೆನ್ನೆಗೆ ತಾಗಿಸಿದ ಹಾಗೆ. ಆದರೆ ಬಾಳಿಕೆ ಕಡಿಮೆ, ಮಧ್ಯಾಹ್ನದ ಹೊತ್ತಿಗೆ ಹುಡುಕಬೇಕಾಗುತ್ತದೆ. ಸಂಜೆವರೆಗೂ ಘಮಿಸಲಿ ಅನ್ನುವವರಿಗೆ ಇದು ನಿರಾಸೆ ತರುತ್ತದೆ. ಮೆತ್ತಗೆ ಘಮಿಸಿದರೆ ಸಾಕು, ಬೇಕಾದಾಗ ಇನ್ನೊಮ್ಮೆ ಹಾಕಿಕೊಳ್ಳುತ್ತೇನೆ ಅನ್ನುವವರಿಗೆ ಇದಕ್ಕಿಂತ ಚೆಂದದ್ದನ್ನು ನಾನು ಹೇಳಲಾರೆ.

1912ರ 'ಲರ್ ಬ್ಲೂ' ಅದೇ ಕುಟುಂಬದ ದೊಡ್ಡಕ್ಕ. ಹೆಸರಿನ ಅರ್ಥ ನೀಲಿ ಹೊತ್ತು, ಅಂದರೆ ಸೂರ್ಯ ಮುಳುಗಿ ನಕ್ಷತ್ರ ಮೂಡುವ ನಡುವಿನ ಸಮಯ. ಸೋಂಪು, ಕಾರ್ನೇಷನ್ ಹೂವಿನ ಲವಂಗದಂಥ ಖಾರ, ಹೆಲಿಯೋಟ್ರೋಪ್, ಐರಿಸ್, ಕೊನೆಗೆ ದಟ್ಟ ವೆನಿಲಾ. ಇಡೀ ದಿನ ಇರುತ್ತದೆ, ಬಟ್ಟೆಯಲ್ಲಿ ಮರುದಿನವೂ ಇರುತ್ತದೆ. ಮೊದಲ ಹತ್ತು ನಿಮಿಷ ಔಷಧಿಯ ಹಾಗೆ ಅನ್ನಿಸಬಹುದು, ಹಲವರು ಅಲ್ಲೇ ಬೇಡ ಅಂದುಬಿಡುತ್ತಾರೆ. ದಯವಿಟ್ಟು ಅರ್ಧ ಗಂಟೆ ಕಾಯಿರಿ. ಇದು ತಂಪು ಹೊತ್ತಿನ, ನಿಧಾನದ ಸೆಂಟು. ಸೆಕೆಯಲ್ಲಿ, ತುಂಬಿದ ಬಸ್ಸಿನಲ್ಲಿ ಇದನ್ನು ಹಾಕಬೇಡಿ. 'ವಯಸ್ಸಾದ ಹಾಗೆ ಕಾಣಬಾರದು' ಅನ್ನುವುದು ನಿಮ್ಮ ಮೊದಲ ಷರತ್ತಾದರೆ ಇದನ್ನು ಪಟ್ಟಿಯಿಂದ ತೆಗೆಯಿರಿ. ಇದರ ಹಳೆತನವೇ ಇದರ ಜೀವ.

ಊಬಿಗಾಂ ಇನ್ನೂ ಹಳೆಯದು, 1775ರಲ್ಲಿ ಪ್ಯಾರಿಸ್ಸಿನ ಫೋಬೂರ್ ಸೇಂಟ್ ಓನೊರೇ ಬೀದಿಯಲ್ಲಿ ಹೂಬುಟ್ಟಿಯ ಗುರುತಿನಡಿ ತೆರೆದ ಅಂಗಡಿ. ಅವರ 'ಕೆಲ್ಕ್ ಫ್ಲರ್' ಕೂಡ 1912ರದೇ. ಹೂಗುಚ್ಛ ಮುಂದೆ, ಪೌಡರ್ ಹಿಂದೆ. ಮದುವೆ, ಹಬ್ಬದಂಥ ಸಡಗರಕ್ಕೆ ಚೆನ್ನ. ಪೌಡರ್ ಘಮವೇ ಮುಖ್ಯ ಅನ್ನುವವರಿಗೆ ಹೂವಿನ ಗದ್ದಲ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ.

ಇಂಥ ಹಳೆಯ ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. 1912ರಲ್ಲಿ ಮಾಡಿದ್ದೇ ಇವತ್ತು ಬಾಟಲಿಯಲ್ಲಿದೆ ಅಂದುಕೊಳ್ಳಬೇಡಿ. ಅಲರ್ಜಿ ಮತ್ತು ಸುರಕ್ಷತೆಯ ನಿಯಮಗಳಿಗೆ ತಕ್ಕಂತೆ ಸೂತ್ರಗಳನ್ನು ಮತ್ತೆ ಮತ್ತೆ ಬದಲಿಸಿದ್ದಾರೆ. ಉದಾಹರಣೆಗೆ, ಹೂವಿನ ಸೆಂಟುಗಳಲ್ಲಿ ತುಂಬಾ ಬಳಕೆಯಲ್ಲಿದ್ದ 'ಲಿಲಿಯಾಲ್' ಅನ್ನುವ ಅಂಶವನ್ನು ಯುರೋಪಿಯನ್ ಒಕ್ಕೂಟ 2022ರ ಮಾರ್ಚಿನಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿತು. ಹತ್ತು ವರ್ಷದ ಹಿಂದಿನ ವಿಮರ್ಶೆ ಓದಿ ಇವತ್ತಿನ ಬಾಟಲಿ ಕೊಂಡರೆ ಎರಡೂ ತಾಳೆಯಾಗದೆ ಹೋಗಬಹುದು.

ಗತ್ತು ಬೇಕು, ಹಳೆತನ ಬೇಡ ಅನ್ನುವವರಿಗೆ

ಹೆಚ್ಚಿನವರು ನಿಲ್ಲುವುದು ಈ ಜಾಗದಲ್ಲೇ. ಇಲ್ಲಿ ಐರಿಸ್ ನಿಮ್ಮ ಕೈ ಹಿಡಿಯುತ್ತದೆ. ತಣ್ಣಗೆ, ನೆಟ್ಟಗೆ, ಬೆನ್ನು ಬಾಗದೆ ನಿಲ್ಲುವ ಘಮ ಅದು. ಸಿಹಿ ಇಲ್ಲದೆಯೂ ಸಿರಿವಂತಿಕೆ ತೋರಿಸಬಲ್ಲದು.

ಪ್ರಾಡಾದ 'ಇನ್ಫ್ಯೂಷನ್ ದೀರಿಸ್' 2007ರಲ್ಲಿ ಬಂತು, ಮಾಡಿದವರು ಡಾನಿಯೆಲಾ ಆಂಡ್ರಿಯೇ. ಐರಿಸ್ಸಿನ ಜೊತೆ ಕಿತ್ತಳೆ ಹೂವು, ಧೂಪ, ಸ್ವಲ್ಪ ಲಾವಂಚ. ಸಾಬೂನಿನಷ್ಟು ಸ್ವಚ್ಛ, ಇಸ್ತ್ರಿ ಮಾಡಿದ ಬಿಳಿ ಅಂಗಿಯಷ್ಟು ಗರಿಗರಿ. ಆಫೀಸಿಗೆ, ಪ್ರಯಾಣಕ್ಕೆ, ಸೆಕೆಗೆ, ಎಲ್ಲದಕ್ಕೂ ಸೈ. ಸೆಂಟೇ ಹಾಕದವರಿಗೆ ಮೊದಲ ಬಾಟಲಿ ಸೂಚಿಸಿ ಅಂದರೆ ನಾನು ಹೇಳುವುದು ಇದನ್ನು. ಕೊರತೆ ಅಂದರೆ ಇದು ಮೈಗೆ ಹತ್ತಿರವೇ ಉಳಿಯುತ್ತದೆ. ಹಾಕಿದವರಿಗೇ ಇದೆಯೋ ಇಲ್ಲವೋ ಅನ್ನಿಸುವುದುಂಟು. ಆದರೂ ಅಪ್ಪಿಕೊಂಡವರಿಗೆ ಗೊತ್ತಾಗುತ್ತದೆ.

ಶನೆಲ್ಲಿನ 'ನಂಬರ್ 19' 1970ರ ದಶಕದ ಶುರುವಿನದು. ಆಗಸ್ಟ್ 19 ಗೇಬ್ರಿಯೆಲ್ ಶನೆಲ್ ಹುಟ್ಟಿದ ದಿನ, ಹೆಸರು ಬಂದದ್ದು ಅಲ್ಲಿಂದ. ಹಸಿರು ಕಡ್ಡಿ ಮುರಿದಾಗ ಬರುವ ಒಗರು ವಾಸನೆಯಿಂದ ಶುರುವಾಗಿ, ಐರಿಸ್ಸಿಗೆ ಬಂದು, ತೊಗಲು ಮತ್ತು ಲಾವಂಚದಲ್ಲಿ ಕೊನೆಯಾಗುತ್ತದೆ. ಇದು ಯಾರನ್ನೂ ಓಲೈಸುವ ಸೆಂಟಲ್ಲ. ಸಭೆಯಲ್ಲಿ ಎದ್ದು ಮಾತಾಡಬೇಕಾದ ದಿನ ಇದನ್ನು ಹಾಕಿದರೆ ನನಗಂತೂ ಒಂದು ಧೈರ್ಯ ಬರುತ್ತದೆ. ಆ ಒಗರು ಜಾಸ್ತಿ ಅನ್ನಿಸಿದರೆ 2011ರಲ್ಲಿ ಬಂದ 'ನಂಬರ್ 19 ಪೂದ್ರೇ' ನೋಡಿ. ಅಂಚುಗಳನ್ನು ಉಜ್ಜಿ, ಮಸ್ಕ್ ಬೆರೆಸಿ ಮೆದುಮಾಡಿದ್ದಾರೆ. ಮೂಲದ ಕೆಚ್ಚು ಅದರಲ್ಲಿಲ್ಲ, ಆದರೆ ದಿನಾ ಹಾಕಲು ಹಿತ.

ಫ್ರೆಡೆರಿಕ್ ಮಾಲ್ ಮನೆಯ ಎರಡು ಸೆಂಟುಗಳು, ಎರಡೂ 2000ದವು, ಬೆಲೆಯಲ್ಲಿ ಮೇಲಿನ ಎಲ್ಲವನ್ನೂ ದಾಟುತ್ತವೆ. ಪಿಯರ್ ಬೂರ್ಡೋನ್ ಮಾಡಿದ 'ಐರಿಸ್ ಪೂದ್ರ್' ಹೆಸರಿಗೆ ತಕ್ಕ ಹಾಗೆ ಐರಿಸ್ ಪೌಡರೇ. ಮೇಲೆ ಹೊಳಪು, ಕೆಳಗೆ ವೆನಿಲಾದ ಬೆಚ್ಚಗೆ, ರೇಷ್ಮೆ ಹೊದ್ದ ಹಾಗಿರುತ್ತದೆ. ರಾಲ್ಫ್ ಶ್ವೀಗರ್ ಮಾಡಿದ 'ಲಿಪ್‌ಸ್ಟಿಕ್ ರೋಸ್' ಗುಲಾಬಿ, ವಯಲೆಟ್ ಸೇರಿದ ಹಳೆಯ ಲಿಪ್‌ಸ್ಟಿಕ್ಕಿನ ಪರಿಮಳ, ಸಿಹಿ ಮತ್ತು ಲವಲವಿಕೆ. ಎರಡೂ ಅದ್ಭುತ. ಆದರೆ ಪೂರ್ತಿ ಬಾಟಲಿಗೆ ಕೈ ಹಾಕುವ ಮೊದಲು ಚಿಕ್ಕ ಶೀಶೆಯಲ್ಲಿ ತಂದು ಕನಿಷ್ಠ ಒಂದು ವಾರ ಹಾಕಿ ನೋಡಿ. ನಾನು ಒಮ್ಮೆ ಅಂಗಡಿಯಲ್ಲಿ ಕಾಗದದ ಪಟ್ಟಿಯ ಮೇಲೆ ಮಾತ್ರ ಮೂಸಿ ದುಬಾರಿ ವಯಲೆಟ್ ಸೆಂಟೊಂದನ್ನು ತಂದೆ. ಮೂರನೇ ಗಂಟೆಗೆ ಅದು ನನ್ನ ಮೈಮೇಲೆ ಬರೀ ಸಕ್ಕರೆಯಾಗುತ್ತಿತ್ತು. ಬಾಟಲಿ ಮುಕ್ಕಾಲು ಹಾಗೇ ಉಳಿಯಿತು. ಆ ದುಡ್ಡಿನ ನೋವು ನಿಮಗೆ ಬೇಡ.

ಗಂಡಸರೂ ಈ ಘಮ ಕೇಳುತ್ತಾರೆ. ಐರಿಸ್ಸಿಗೆ ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ವಿಗ್ಗಿಗೆ ಪುಡಿ ಹಾಕಿಕೊಂಡವರಲ್ಲಿ ಗಂಡಸರೇ ಜಾಸ್ತಿ ಇದ್ದರು. 'ಡಿಯೋರ್ ಓಮ್' 2005ರಲ್ಲಿ ಗಂಡಸರ ಸೆಂಟಿನಲ್ಲಿ ಐರಿಸ್ಸನ್ನು ಮುಂದೆ ನಿಲ್ಲಿಸಿತು. 2020ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಮರದ ಘಮದ ಬೇರೆಯೇ ಸೆಂಟು. ಐರಿಸ್ ಬೇಕಿದ್ದರೆ 'ಇಂಟೆನ್ಸ್' ಅಂತ ಇರುವುದನ್ನು ಕೇಳಿ.

ಕಥೆ ಹೊಸದು, ವೇಷ ಹಳೆಯದು

ಪೆನ್‌ಹ್ಯಾಲಿಗನ್ಸ್ 19ನೇ ಶತಮಾನದ ಲಂಡನ್ನಿನ ಮನೆ, ರಾಜಮನೆತನಕ್ಕೆ ಸರಬರಾಜು ಮಾಡಿದ ಅಸಲಿ ಇತಿಹಾಸ ಅದಕ್ಕಿದೆ. ಆದರೆ ಪ್ರಾಣಿಗಳ ತಲೆಯ ಮುಚ್ಚಳವಿರುವ ಅವರ 'ಪೋರ್ಟ್ರೇಟ್ಸ್' ಸರಣಿ 2016ರದು. ಅದರ ಲಾರ್ಡ್, ಲೇಡಿ, ಡಚೆಸ್ ಎಲ್ಲರೂ ಕಲ್ಪನೆಯ ಪಾತ್ರಗಳು. ಅದರಲ್ಲಿನ 'ಡಚೆಸ್ ರೋಸ್' ತಿಳಿಯಾದ ಗುಲಾಬಿ, ಮಸ್ಕ್. ಉಡುಗೊರೆ ಕೊಟ್ಟರೆ ಯಾರಿಗಾದರೂ ಮುಖ ಅರಳುತ್ತದೆ, ಬಾಟಲಿ ಅಷ್ಟು ಸೊಗಸು. ಪರಿಮಳ ಮಾತ್ರ ಆ ಬೆಲೆಗೆ ಸರಳವಾಯಿತು ಅನ್ನುವುದು ನನ್ನ ಅಭಿಪ್ರಾಯ.

ಪರ್ಫ್ಯೂಮ್ಸ್ ಡಿ ಮಾರ್ಲಿ ಶುರುವಾದದ್ದು 2009ರಲ್ಲಿ. ಫ್ರಾನ್ಸಿನ ದೊರೆ 14ನೇ ಲೂಯಿ ಕಟ್ಟಿಸಿದ, ಈಗ ಉಳಿದಿರದ ಮಾರ್ಲಿ ಅರಮನೆಯ ಹೆಸರು ಅದಕ್ಕೆ. 15ನೇ ಲೂಯಿಯ ಕಾಲದ ವೈಭವ ಅದರ ಸ್ಫೂರ್ತಿ. 2017ರ 'ಡೆಲಿನಾ', ಕ್ವೆಂಟಿನ್ ಬಿಶ್ ಮಾಡಿದ್ದು, ಲಿಚಿ, ರೂಬಾರ್ಬ್ ಅನ್ನುವ ಹುಳಿ ದಂಟು, ಗುಲಾಬಿ, ಮಸ್ಕ್. ಎಲ್ಲರಿಗೂ ಕೇಳಿಸುವಷ್ಟು ಜೋರು, ಬಾಳಿಕೆಯೂ ಗಟ್ಟಿ. "ಯಾವ ಸೆಂಟು ಹಾಕಿದ್ದೀರಿ?" ಅಂತ ನಾಲ್ಕು ಜನ ಕೇಳಬೇಕು ಅನ್ನುವ ಆಸೆ ಇದ್ದರೆ ಇದು ನಿಮ್ಮದು. ಪೌಡರ್ ಮಾತ್ರ ಇದರಲ್ಲಿ ಬರೀ ಸೆರಗಿನ ಅಂಚಿನಷ್ಟು. ಪೌಡರಿಗಾಗಿಯೇ ಇಷ್ಟು ದುಡ್ಡು ಸುರಿಯುವುದಾದರೆ ಮಾಲ್ ಮನೆಯ ಐರಿಸ್ ಮೇಲು.

ಕೈಗೆ ಎಟುಕುವ ಬೆಲೆಯಲ್ಲಿ

ಕೆಂಜೋದ 'ಫ್ಲವರ್' 2000ದಲ್ಲಿ ಬಂತು, ಮಾಡಿದವರು ಆಲ್ಬೆರ್ಟೊ ಮೊರಿಯಾಸ್. ಬಾಟಲಿಯಲ್ಲಿರುವ ಕೆಂಪು ಪಾಪಿ ಹೂವಿಗೆ ಪರಿಮಳವೇ ಇಲ್ಲ, ಪರಿಮಳವಿಲ್ಲದ ಹೂವಿಗೆ ಪರಿಮಳ ಕಲ್ಪಿಸಿದ್ದು ಇವರ ಜಾಣ್ಮೆ. ಗುಲಾಬಿ, ಪಾರ್ಮಾ ವಯಲೆಟ್, ವೆನಿಲಾ, ಬಿಳಿ ಮಸ್ಕ್ ಸೇರಿ ಬಂದ ಪೌಡರ್ ಇದು. ಅರಮನೆಯ ಮಾತೇ ಇದರ ಡಬ್ಬಿಯ ಮೇಲೆ ಇಲ್ಲ. ಆದರೂ ಕಣ್ಣು ಮುಚ್ಚಿ ಮೂಸಿದರೆ ದುಬಾರಿ ಸೆಂಟುಗಳ ಜೊತೆ ತಲೆ ಎತ್ತಿ ನಿಲ್ಲುತ್ತದೆ. ಬಾಳಿಕೆ ಚೆನ್ನಾಗಿದೆ, ಹರಡುವುದೂ ಚೆನ್ನಾಗಿದೆ. ಎರಡು ಸಲ ಒತ್ತಿದರೆ ಸಾಕು, ನಾಲ್ಕಾದರೆ ಪಕ್ಕದವರಿಗೆ ತಲೆನೋವು.

ದುಡ್ಡು ಉಳಿಸಲು ಇನ್ನೊಂದು ದಾರಿ ಸಾಂದ್ರತೆ ನೋಡುವುದು. ತೆಳುವಾದ ಬಗೆಯಾದ ಓ ದ ತ್ವಾಲೆಟ್ಟಿನಲ್ಲಿ ಪರಿಮಳದ ಎಣ್ಣೆ ಸಾಮಾನ್ಯವಾಗಿ ನೂರಕ್ಕೆ 5ರಿಂದ 15ರಷ್ಟು, ಗಟ್ಟಿಯಾದ ಬಗೆಯಾದ ಓ ದ ಪರ್ಫ್ಯೂಮಿನಲ್ಲಿ 15ರಿಂದ 20ರಷ್ಟು ಇರುತ್ತದೆ. ಹೆಚ್ಚು ಸಾಂದ್ರವಾದದ್ದೇ ಯಾವಾಗಲೂ ಒಳ್ಳೆಯದು ಅಂತೇನಿಲ್ಲ. ಹಲವು ಮನೆಗಳು ಎರಡಕ್ಕೂ ಬೇರೆ ಬೇರೆ ಸೂತ್ರ ಬಳಸುತ್ತವೆ. ಸೆಕೆಗೆ ತೆಳುವಾದದ್ದೇ ಹೆಚ್ಚು ಸಲ ಗೆಲ್ಲುತ್ತದೆ. ದೊಡ್ಡ ಬಾಟಲಿಯಲ್ಲಿ ಮಿಲಿಲೀಟರಿಗೆ ಬೆಲೆ ಕಡಿಮೆ ಬೀಳುತ್ತದೆ ನಿಜ. ಆದರೆ ವರ್ಷಗಟ್ಟಲೆ ಖಾಲಿಯಾಗದಿದ್ದರೆ ಏನು ಉಳಿತಾಯ? 30 ಮಿಲಿಲೀಟರ್ ಸಾಕು. ಬಚ್ಚಲುಮನೆಯಲ್ಲಿ ಇಡಬೇಡಿ, ಬಿಸಿ ಮತ್ತು ಬೆಳಕು ಎರಡೂ ಸೆಂಟನ್ನು ಕೆಡಿಸುತ್ತವೆ. ಬಟ್ಟೆಯ ಕಪಾಟಿನ ಕತ್ತಲೆ ಮೂಲೆ ಒಳ್ಳೆಯ ಜಾಗ.

ಕೊನೆಗೆ ಎರಡು ಉಳಿದಾಗ

ಒಂದೇ ದಿನ ಮೂರಕ್ಕಿಂತ ಹೆಚ್ಚು ಮೂಸಬೇಡಿ, ಮೂಗು ಸೋತುಬಿಡುತ್ತದೆ. ಮೊದಲು ಕಾಗದದ ಪಟ್ಟಿಯ ಮೇಲೆ ನೋಡಿ, ಬೇಡದ್ದನ್ನು ಅಲ್ಲೇ ಬಿಡಿ. ಉಳಿದದ್ದನ್ನು ಮೈಮೇಲೆ ಹಾಕಿ. ಮೊದಲ ಹದಿನೈದು ನಿಮಿಷದ ಹೊಳಪು ನೋಡಿ ಮಾರುಹೋಗಬೇಡಿ, ನಿಮ್ಮ ಜೊತೆ ದಿನವೆಲ್ಲ ಇರುವುದು ನಾಲ್ಕನೇ ಗಂಟೆಯ ಘಮ. ವಯಲೆಟ್ ಮತ್ತು ಮಸ್ಕ್ ಇರುವ ಸೆಂಟುಗಳು ಹಾಕಿದವರ ಮೂಗಿಗೆ ಬೇಗ ಮರೆಯಾಗುತ್ತವೆ. ಹಾಗಾಗಿ 'ಹೋಗಿಬಿಟ್ಟಿದೆ' ಅಂತ ತೀರ್ಮಾನಿಸುವ ಮೊದಲು ಮನೆಯಲ್ಲಿ ಯಾರನ್ನಾದರೂ ಕೇಳಿ.

ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ನಾನು ಮಾಡುವುದು ಹೀಗೆ. ಉದ್ದ ತೋಳಿನ ಹಳೆಯ ಹತ್ತಿ ಅಂಗಿ ಹಾಕಿಕೊಂಡು, ಬೆಳಿಗ್ಗೆ ಎಡ ಮಣಿಕಟ್ಟಿಗೆ ಒಂದು, ಬಲ ಮಣಿಕಟ್ಟಿಗೆ ಇನ್ನೊಂದು ಹಾಕುತ್ತೇನೆ. ತೋಳಿನ ತುದಿಗೂ ಸ್ವಲ್ಪ ತಾಗಿಸುತ್ತೇನೆ. ದಿನದ ಕೆಲಸ ಎಂದಿನಂತೆ. ರಾತ್ರಿ ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಮಲಗುತ್ತೇನೆ. ಬೆಳಿಗ್ಗೆ ಎದ್ದು ಎರಡೂ ತೋಳನ್ನು ಮೂಸುತ್ತೇನೆ. ಕೈ ಯಾವ ತೋಳನ್ನು ತಾನಾಗಿ ಮತ್ತೊಮ್ಮೆ ಎತ್ತಿಕೊಳ್ಳುತ್ತದೋ ಆ ಬಾಟಲಿ ತರುತ್ತೇನೆ.